ಭೂಕೈಲಾಸದ ರಾವಣ: ಮರುಕವೂ ಹೊಣೆಯೂ

ಕನ್ನಡದ ಪೌರಾಣಿಕ ಚಲನಚಿತ್ರಗಳ ಸಾಲಿನಲ್ಲಿ 1958ರಲ್ಲಿ ತೆರೆಕಂಡ ‘ಭೂಕೈಲಾಸ’ಕ್ಕೆ ವಿಶಿಷ್ಟವಾದ ಸ್ಥಾನವಿದೆ. ಎ.ವಿ.ಎಂ. ಸಂಸ್ಥೆಯು ಕನ್ನಡ ಮತ್ತು ತೆಲುಗು ಎರಡೂ ಭಾಷೆಗಳಲ್ಲಿ ನಿರ್ಮಿಸಿದ, ಕೆ. ಶಂಕರ್ ನಿರ್ದೇಶನದ ಈ ಚಿತ್ರದ ಕನ್ನಡ ರೂಪದಲ್ಲಿ ರಾಜ್‌ಕುಮಾರ್ ರಾವಣನಾಗಿಯೂ, ಕಲ್ಯಾಣ್‌ಕುಮಾರ್ ನಾರದನಾಗಿಯೂ, ಜಮುನಾ ಮಂಡೋದರಿಯಾಗಿಯೂ, ಬಿ. ಸರೋಜಾದೇವಿ ಪಾರ್ವತಿಯಾಗಿಯೂ ಕಾಣಿಸಿಕೊಂಡರು. ಆರು ದಶಕಗಳು ಕಳೆದ ಮೇಲೂ ಕನ್ನಡಿಗರಿಗೆ ಅಚ್ಚುಮೆಚ್ಚಾಗಿ ಉಳಿದಿರುವ ಈ ಚಿತ್ರವನ್ನು ನೋಡಿ ಎದ್ದವರ ನೆನಪಿನಲ್ಲಿ ನಿಲ್ಲುವವರು ಗೆದ್ದ ದೇವತೆಗಳಲ್ಲ, ಸೋತ ರಾವಣ. ಪುರಾಣಶ್ರವಣದಲ್ಲಿ ರಾವಣನೆಂದರೆ ಪರಸತಿಯನ್ನು ಕದ್ದೊಯ್ದ ಅಧರ್ಮಿ ಎಂದು ಕೇಳಿ ಬೆಳೆದ ಪ್ರೇಕ್ಷಕ, ಎರಡೂವರೆ ಗಂಟೆಯ ಕಾಲ ಅದೇ ರಾವಣನ ಪಕ್ಷದಲ್ಲಿ ನಿಂತು ಅವನ ಸೋಲಿಗೆ ಮರುಗುತ್ತಾನೆ. ಈ ಮರುಕದ ಸ್ವರೂಪವೇನು? ಇದು ಅಧರ್ಮದ ಮೇಲಿನ ಮೋಹವೇ, ಅಥವಾ ಮನುಷ್ಯಸ್ವಭಾವದ ತಿಳಿವಳಿಕೆಯೇ? ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ.

ಮೊದಲಿಗೆ ಒಂದು ಚಾರಿತ್ರಿಕ ಸಂಗತಿಯನ್ನು ಗಮನಿಸಬೇಕು. ಲಂಕೆಯ ಮನೆತನದ ಮೇಲೆ ಕನ್ನಡ ರಂಗಭೂಮಿಗೂ ಚಿತ್ರರಂಗಕ್ಕೂ ಇರುವ ಒಲವು ‘ಭೂಕೈಲಾಸ’ದಿಂದ ಆರಂಭವಾದುದಲ್ಲ. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಇಂದ್ರಜಿತುವಿನ ಪತ್ನಿಯ ಕಥೆ. ಕನ್ನಡ ಚಿತ್ರರಂಗ ಬಾಯಿ ತೆರೆದು ಮಾತಾಡಿದ ಮೊದಲ ಗಳಿಗೆಯಲ್ಲಿಯೇ ಅದು ಅಯೋಧ್ಯೆಯ ಅರಮನೆಯನ್ನು ಬಿಟ್ಟು ಲಂಕೆಯ ಅಂತಃಪುರದ ದುಃಖವನ್ನು ಆರಿಸಿಕೊಂಡಿತು. ಅದರಲ್ಲಿ ಎಂ.ವಿ. ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದ್ದರು. ಇದೇ ಇಬ್ಬರು ಕಲಾವಿದರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ರಂಗದ ಮೇಲೆ ‘ಭೂಕೈಲಾಸ’ ನಾಟಕ ಜನಪ್ರಿಯವಾಯಿತು. 1940ರಲ್ಲಿ ಅದೇ ಕಥೆ ತೆಲುಗಿನಲ್ಲಿ ಚಲನಚಿತ್ರವಾದಾಗ ಸುಬ್ಬಯ್ಯನಾಯ್ಡು ರಾವಣನ ಪಾತ್ರವನ್ನೂ, ನಾಗೇಂದ್ರರಾಯರು ನಾರದನ ಪಾತ್ರವನ್ನೂ ವಹಿಸಿದರು. ಆದುದರಿಂದ 1958ರ ರಾವಣ ಒಬ್ಬ ನಟನ ಪ್ರತಿಭೆಯಿಂದ ಏಕಾಏಕಿ ಮೂಡಿದವನಲ್ಲ. ಅವನ ಹಿಂದೆ ಕಂಪನಿ ನಾಟಕಗಳ ಒಂದು ಪರಂಪರೆಯಿದೆ. ಆ ಪರಂಪರೆಯ ಗರಡಿಯಲ್ಲಿ ಬೆಳೆದು ಬಂದ ನಟನೇ ರಾಜ್‌ಕುಮಾರ್.

ಚಿತ್ರದ ಕಥಾವಸ್ತು ಗೋಕರ್ಣದ ಸ್ಥಳಪುರಾಣಕ್ಕೆ ಸಂಬಂಧಿಸಿದುದು. ರಾವಣನ ತಾಯಿ ಕೈಕಸೆ ಕಡಲ ದಡದಲ್ಲಿ ಮರಳಿನ ಲಿಂಗವನ್ನು ಮಾಡಿ ಪೂಜಿಸುತ್ತಾಳೆ. ರಾವಣನ ಬಲಕ್ಕೆ ಹೆದರಿದ ಇಂದ್ರನ ಕುಯುಕ್ತಿಯಿಂದ ಅಲೆಯೊಂದು ಎದ್ದು ಆ ಲಿಂಗವನ್ನು ಕೊಚ್ಚಿಕೊಂಡು ಹೋಗುತ್ತದೆ. ಪೂಜೆ ಭಂಗವಾಯಿತೆಂದು ಕೊರಗುವ ತಾಯಿಗೆ ರಾವಣ ಶಿವನ ಆತ್ಮಲಿಂಗವನ್ನೇ ತಂದುಕೊಡುವೆನೆಂದು ಮಾತು ಕೊಡುತ್ತಾನೆ. ಘೋರವಾದ ತಪಸ್ಸಿಗೆ ಶಿವ ಒಲಿದು ಪ್ರತ್ಯಕ್ಷನಾದಾಗ, ವಿಷ್ಣುಮಾಯೆಗೆ ಒಳಗಾದ ರಾವಣನ ಬಾಯಿಂದ ಆತ್ಮಲಿಂಗದ ಬದಲು ಪಾರ್ವತಿಯನ್ನು ಬೇಡುವ ಮಾತು ಹೊರಡುತ್ತದೆ. ಮುಂದೆ ನಾರದನ ಜಾಣತನ, ಮಂಡೋದರಿಯ ವಿವಾಹ, ನಿಜ ತಿಳಿದ ಮೇಲಿನ ಪಶ್ಚಾತ್ತಾಪ, ಮೊದಲಿನದಕ್ಕಿಂತಲೂ ಉಗ್ರವಾದ ಎರಡನೆಯ ತಪಸ್ಸು, ನೆಲಕ್ಕೆ ಇಡಬಾರದೆಂಬ ಕಟ್ಟಳೆಯೊಡನೆ ದೊರೆತ ಆತ್ಮಲಿಂಗ. ಕಡೆಗೆ ಸಂಧ್ಯಾವಂದನೆಯ ಹೊತ್ತಿನಲ್ಲಿ ದನಗಾಹಿ ಬಾಲಕನ ವೇಷದ ಗಣಪತಿ ಲಿಂಗವನ್ನು ನೆಲಕ್ಕಿಡುತ್ತಾನೆ. ರಾವಣ ತನ್ನ ಸಮಸ್ತ ಬಲವನ್ನು ಹಾಕಿ ಎಳೆದರೂ ಅದು ಕದಲುವುದಿಲ್ಲ. ಗೋಕರ್ಣದಲ್ಲಿ ನೆಲೆಗೊಂಡ ದೇವರಿಗೆ ಮಹಾಬಲೇಶ್ವರನೆಂಬ ಹೆಸರು. ಧಾರೇಶ್ವರ, ಮುರುಡೇಶ್ವರ ಮೊದಲಾದ ಕರಾವಳಿಯ ಕ್ಷೇತ್ರಗಳನ್ನೂ ಜನ ಇದೇ ಕಥೆಗೆ ಜೋಡಿಸಿಕೊಂಡಿದ್ದಾರೆ. ಉತ್ತರ ಕನ್ನಡದ ಕಡಲತೀರದವರಿಗೆ ರಾವಣ ದೂರದ ದ್ವೀಪದ ರಾಕ್ಷಸ ಮಾತ್ರನಲ್ಲ. ತಮ್ಮ ಊರಿನ ದೇವರು ಅಲ್ಲಿಗೆ ಬರಲು ಕಾರಣನಾದವನು.

ಈ ಕಥೆಯ ಚೌಕಟ್ಟೇ ರಾವಣನ ಆಕರ್ಷಣೆಯ ಮೊದಲ ಗುಟ್ಟು. ದಂಡಿಯು ‘ಕಾವ್ಯಾದರ್ಶ’ದಲ್ಲಿ ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನು ಹೊಗಳಿ, ಆಮೇಲೆ ನಾಯಕನಿಂದ ಅವನನ್ನು ಗೆಲ್ಲಿಸುವ ಕ್ರಮವನ್ನು ಒಪ್ಪುತ್ತಾನೆ, ಅದರಿಂದ ನಾಯಕನ ಹಿರಿಮೆ ಹೆಚ್ಚುತ್ತದೆ ಎಂಬುದು ಅವನ ಅಭಿಪ್ರಾಯ. ಧನಂಜಯನ ‘ದಶರೂಪಕ’ವು ಪ್ರತಿನಾಯಕನನ್ನು ಲೋಭಿ, ಉದ್ಧತ, ಹಠಮಾರಿ, ಪಾಪಕಾರಿ, ವ್ಯಸನಿ ಎಂದು ಲಕ್ಷಣೀಕರಿಸುತ್ತದೆ. ಎರಡೂ ಲಕ್ಷಣಗ್ರಂಥಗಳಲ್ಲಿ ಪ್ರತಿನಾಯಕನ ಅಸ್ತಿತ್ವವು ನಾಯಕನನ್ನು ಅವಲಂಬಿಸಿದೆ. ‘ಭೂಕೈಲಾಸ’ದಲ್ಲಾದರೋ ಆ ನಾಯಕನೇ ಇಲ್ಲ. ರಾಮನು ಇಲ್ಲಿ ಹಾಡೊಂದರಲ್ಲಿ ಮುಂಬರುವ ಅವತಾರವಾಗಿ ಸೂಚಿತನಾಗುತ್ತಾನೆ. ಕು.ರಾ.ಸೀತಾರಾಮಶಾಸ್ತ್ರಿಗಳ ಸಾಹಿತ್ಯಕ್ಕೆ ಶೀರ್ಕಾಳಿ ಗೋವಿಂದರಾಜನ್ ದನಿಗೊಟ್ಟ ಆ ಹಾಡು ರಾಮಾಯಣವನ್ನೆಲ್ಲ ಮೊದಲೇ ಹೇಳಿ, ರಾವಣನ ಅಂತ್ಯವನ್ನೂ ಪ್ರೇಕ್ಷಕನ ಕಿವಿಗೆ ಹಾಕಿಬಿಡುತ್ತದೆ. ಹೀಗೆ ನಾಯಕನ ಪೀಠ ಬರಿದಾಗಿರುವಲ್ಲಿ ಪ್ರತಿನಾಯಕನೇ ಅದನ್ನು ಏರುತ್ತಾನೆ; ಆದರೆ ಅವನ ತಲೆಯ ಮೇಲೆ ಮರಣದ ನೆರಳು ಮೊದಲೇ ಬಿದ್ದಿರುತ್ತದೆ. ಸಾಯಲಿರುವವನೆಂದು ತಿಳಿದ ವ್ಯಕ್ತಿಯ ಛಲವನ್ನು ನೋಡುವ ಕಣ್ಣು ಬೇರೆಯಾಗಿಯೇ ಇರುತ್ತದೆ.

ಎರಡನೆಯ ಗುಟ್ಟು ರಾವಣನ ಉದ್ದೇಶದಲ್ಲಿದೆ. ಅವನು ತಪಸ್ಸಿಗೆ ಕೂರುವುದು ತಾಯಿಯ ಕಣ್ಣೀರಿಗಾಗಿ. ಬಯಸಿದ್ದು ಬೇರೊಬ್ಬರಿಗಾಗಿ, ಕಳೆದುಕೊಂಡದ್ದು ತಾನು ಎಂಬ ಸ್ಥಿತಿ ಯಾವ ಪ್ರೇಕ್ಷಕನ ಹೃದಯವನ್ನೂ ಕರಗಿಸಬಲ್ಲದು. ಮೂರನೆಯದು, ಅವನ ವಿರೋಧಿಗಳ ನಡತೆ. ಇಂದ್ರನು ಮುದುಕಿಯೊಬ್ಬಳ ಪೂಜೆಯನ್ನು ಕೆಡಿಸುತ್ತಾನೆ. ನಾರದನು ನಯವಾದ ಮಾತಿನಿಂದ ದಾರಿ ತಪ್ಪಿಸುತ್ತಾನೆ. ವಿಷ್ಣು ಮಾಯೆ ಕವಿಸುತ್ತಾನೆ. ಎದುರಿಗೆ ನಿಂತು ಹೋರಾಡುವವರು ಯಾರೂ ಇಲ್ಲ. ಕಪಟವರಿಯದ ಬಲಶಾಲಿಯನ್ನು ಜಾಣರೆಲ್ಲ ಸೇರಿ ಕೆಡಹುವ ಕಥೆಯಲ್ಲಿ ನೋಡುಗನ ನ್ಯಾಯಬುದ್ಧಿ ಸಹಜವಾಗಿಯೇ ಬಲಶಾಲಿಯ ಕಡೆಗೆ ಒಲಿಯುತ್ತದೆ. ರಾಜ್‌ಕುಮಾರರ ಅಭಿನಯ ಈ ಒಲವನ್ನು ದ್ವಿಗುಣಗೊಳಿಸಿತು. ತುಂಬುಕಂಠ, ಸ್ಪಷ್ಟವಾದ ಉಚ್ಚಾರ, ಉದ್ಧತನ ಗತ್ತಿನ ಒಳಗೇ ಭಕ್ತನ ದೈನ್ಯ ಇವುಗಳ ಸಂಯೋಗದಿಂದ ಅವರು ರಾವಣನನ್ನು ಅಬ್ಬರದ ರಾಕ್ಷಸನ ಮಟ್ಟದಿಂದ ಮೇಲೆತ್ತಿದರು. ಮುಂದೆ 1983ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪುವಿನಲ್ಲಿಯೂ ಇದೇ ಗುಣ ಕಾಣುತ್ತದೆ: ಮಗನ ಮೇಲಿನ ವಾತ್ಸಲ್ಯ ಬೇರೆಯಲ್ಲ, ಮಗನನ್ನು ಕೊಲ್ಲಹೊರಟ ಕ್ರೌರ್ಯ ಬೇರೆಯಲ್ಲ ಎಂಬಂತೆ ಎರಡೂ ಒಂದೇ ಮುಖದಲ್ಲಿ ಮೂಡುತ್ತವೆ.

ಇಷ್ಟನ್ನು ಗುರುತಿಸಿದ ಮೇಲೆ ವಿಮರ್ಶಕರು ಸಾಮಾನ್ಯವಾಗಿ ಒಂದು ಸಮಾಧಾನದ ತೀರ್ಮಾನಕ್ಕೆ ಬರುವುದುಂಟು. ನಾಗಚಂದ್ರನ ಉದಾತ್ತ ರಾವಣನೇ ಶತಮಾನಗಳನ್ನು ದಾಟಿ ಬೆಳ್ಳಿತೆರೆಯ ಮೇಲೆ ಬಂದಿದ್ದಾನೆ. ಖಳನನ್ನು ಅರಿಯುವ ಔದಾರ್ಯ ಕನ್ನಡದ ರಕ್ತದಲ್ಲಿಯೇ ಇದೆ ಎಂಬುದು ಆ ತೀರ್ಮಾನ. ಕೇಳಲು ಹಿತವಾದ ಈ ಮಾತು ಎರಡು ಕೃತಿಗಳನ್ನೂ ಸರಿಯಾಗಿ ಓದಿದವರಿಗೆ ಒಪ್ಪಿಗೆಯಾಗದು. ‘ಭೂಕೈಲಾಸ’ದ ರಾವಣನಿಗೂ ‘ರಾಮಚಂದ್ರಚರಿತಪುರಾಣ’ದ ರಾವಣನಿಗೂ ಮೇಲುನೋಟದ ಸಾಮ್ಯ ಎಷ್ಟಿದೆಯೋ ಒಳಗಿನ ವ್ಯತ್ಯಾಸ ಅದಕ್ಕಿಂತ ಹೆಚ್ಚಾಗಿದೆ. ಆ ವ್ಯತ್ಯಾಸವನ್ನು ಮರೆತರೆ ಖಳನ ಮೇಲಿನ ಮೆಚ್ಚುಗೆ ಬರಿಯ ಭಾವುಕತೆಯಾಗಿ ಉಳಿಯುತ್ತದೆ.

ಅಭಿನವಪಂಪನೆಂದು ಹೆಸರಾದ ನಾಗಚಂದ್ರನು ವಿಮಲಸೂರಿ ಹಾಗೂ ರವಿಷೇಣರ ಜೈನ ರಾಮಕಥಾ ಪರಂಪರೆಯನ್ನು ಅನುಸರಿಸಿದವನು. ಅಲ್ಲಿ ರಾವಣನು ವಿದ್ಯಾಧರ ಚಕ್ರವರ್ತಿ; ‘ರಾಕ್ಷಸ’ ಎಂಬುದು ಕುಲದ ಹೆಸರು. ಹಾರದ ರತ್ನಗಳಲ್ಲಿ ಮುಖ ಪ್ರತಿಬಿಂಬಿಸಿದುದರಿಂದ ದಶಮುಖನೆಂಬ ಹೆಸರು ಬಂದಿತೆಂಬ ವಿವರಣೆ ಅಲ್ಲಿದೆ. ಅವನು ಜಿನಭಕ್ತ, ವ್ರತಿ. ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ಹಿಡಿದವನು. ನಳಕೂಬರನ ಪತ್ನಿ ಉಪರಂಭೆ ತಾನಾಗಿಯೇ ಒಲಿದು ಬಂದಾಗ, ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೆ ಕಳುಹಿಸಿದವನು. ಕೈಲಾಸವನ್ನು ಎತ್ತಿದ ಪ್ರಸಂಗವೂ ಈ ಪರಂಪರೆಯಲ್ಲಿ ಉಂಟು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಶಿಲ್ಪದಲ್ಲಿ ಮೇಲೆ ಶಿವಪಾರ್ವತಿಯರು ಕುಳಿತ ಪರ್ವತವನ್ನು ರಾವಣ ಎತ್ತುತ್ತಾನೆ. ಜೈನ ಕಥೆಯಲ್ಲಿ ಆ ಪರ್ವತದ ಮೇಲೆ ಧ್ಯಾನಸ್ಥನಾಗಿ ನಿಂತವನು ವಾಲಿಮುನಿ. ಮುನಿಯು ಕಾಲ್ಬೆರಳಿನಿಂದ ಒತ್ತಿದಾಗ ಗಿರಿಯ ಅಡಿಯಲ್ಲಿ ಸಿಕ್ಕಿ ಕೂಗಿಕೊಂಡುದರಿಂದ ‘ರಾವಣ’ನಾದ ದಶಮುಖನು, ತಪ್ಪನ್ನು ಒಪ್ಪಿಕೊಂಡು ತನ್ನ ನರವನ್ನೇ ವೀಣೆಯ ತಂತಿಯಾಗಿಸಿ ಜಿನಸ್ತುತಿ ಮಾಡಿದನೆಂದು ಆ ಕಥೆ ಹೇಳುತ್ತದೆ. ಶೈವ ಕಥೆಯಾಗಲಿ ಜೈನ ಕಥೆಯಾಗಲಿ, ಅಹಂಕಾರ ಮತ್ತು ಭಕ್ತಿ ಎರಡೂ ಒಂದೇ ಬೇರಿನಿಂದ ಚಿಗುರಿವೆ ಎಂಬುದನ್ನು ಈ ಪ್ರಸಂಗದಲ್ಲಿ ಕಂಡುಕೊಂಡಿವೆ.

ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಇಂತಹ ವ್ರತಧಾರಿಯು ಸೀತೆಯನ್ನು ಕಂಡಾಗ ಜಾರುತ್ತಾನೆ. ಅವನನ್ನು ಜಾರಿಸಿದವರು ಯಾರು? ನಾಗಚಂದ್ರನಲ್ಲಿ ಇಂದ್ರನ ಸಂಚಿಲ್ಲ, ವಿಷ್ಣುವಿನ ಮಾಯೆಯಿಲ್ಲ, ನಾರದನ ಮಾತಿಲ್ಲ. ಕಡಲು ಕೂಡ ಒಮ್ಮೊಮ್ಮೆ ಎಲ್ಲೆ ಮೀರುವ ಹೋಲಿಕೆಯಿಂದ ಕವಿ ಆ ಜಾರುವಿಕೆಯನ್ನು ಕಾಲದ ಜೊತೆಗೆ ಇಟ್ಟು ನೋಡುತ್ತಾನೆ, ನಿಜ. ಆದರೆ ಕೃತ್ಯದ ಹೊಣೆಯನ್ನು ಬೇರೆ ಯಾರ ಮೇಲೂ ಹೊರಿಸುವುದಿಲ್ಲ. ಅಷ್ಟೇ ಅಲ್ಲ, ಅವಲೋಕಿನೀ ವಿದ್ಯೆಯಿಂದ ಸಿಂಹನಾದವನ್ನು ಮಾಡಿಸಿ ರಾಮನನ್ನು ದೂರ ಸೆಳೆದು ಸೀತೆಯನ್ನು ಒಯ್ಯುವ ಕಪಟ ಸ್ವತಃ ರಾವಣನದು. ‘ಭೂಕೈಲಾಸ’ದಲ್ಲಿ ಮಾಯೆ ರಾವಣನ ಮೇಲೆ ಬಂದು ಕವಿಯುತ್ತದೆ, ‘ರಾಮಚಂದ್ರಚರಿತಪುರಾಣ’ದಲ್ಲಿ ಮಾಯೆ ರಾವಣನಿಂದಲೇ ಹೊರಡುತ್ತದೆ. ಎರಡೂ ಕೃತಿಗಳ ನಡುವಣ ಮೂಲಭೂತ ವ್ಯತ್ಯಾಸ ಇದು. ಒಂದರಲ್ಲಿ ರಾವಣ ವಂಚಿತ, ಇನ್ನೊಂದರಲ್ಲಿ ವಂಚಕ. ವಂಚಿತನಿಗೆ ಮರುಗುವುದು ಸುಲಭ. ವಂಚಕನಿಗೆ, ಅವನು ವಂಚಕನೆಂದು ಬಲ್ಲವರು ಮರುಗುವಂತೆ ಮಾಡುವುದು ಮಹಾಕವಿಯ ಕೆಲಸ.

ನಾಗಚಂದ್ರ ಅದನ್ನು ಹೇಗೆ ಸಾಧಿಸಿದ? ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡ ರಾವಣ ಗೆಲುವಿನ ಹಮ್ಮಿನಲ್ಲಿ ಸೀತೆಯ ಬಳಿಗೆ ಬರುತ್ತಾನೆ. ರಾಮಲಕ್ಷ್ಮಣರು ಇನ್ನು ಉಳಿಯರೆಂಬ ಅವನ ಮಾತನ್ನು ಕೇಳಿ ಸೀತೆ ಮೂರ್ಛೆ ಹೋಗುತ್ತಾಳೆ. ನೆಲಕ್ಕೊರಗಿದ ಆಕೆಯನ್ನು ಕಂಡ ಕ್ಷಣದಲ್ಲಿ ರಾವಣನೊಳಗೆ ಏನೋ ಕಳಚಿ ಬೀಳುತ್ತದೆ. ಪರಸ್ಪರ ಒಲಿದ ದಂಪತಿಗಳನ್ನು ಅಗಲಿಸಿದೆನಲ್ಲ, ವಿಭೀಷಣನ ಹಿತವಚನವನ್ನು ಕೇಳದೆ ಹೋದೆನಲ್ಲ ಎಂದು ಅವನು ನೊಂದುಕೊಳ್ಳುತ್ತಾನೆ. ಅವನ ಮನಸ್ಸಿನ ಮೋಹ ಹರಿಯುತ್ತದೆ. ಆದರೂ ಆ ಕೂಡಲೇ ಸೀತೆಯನ್ನು ಒಪ್ಪಿಸಿದರೆ ಅಂಜಿ ಒಪ್ಪಿಸಿದನೆಂಬ ಅಪಕೀರ್ತಿ ಬರುವುದೆಂದು ಎಣಿಸಿ, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಕಾಮ ಕಳೆದ ಮೇಲೆ ಉಳಿದ ಅಭಿಮಾನ ಅವನನ್ನು ಕೊಲ್ಲುತ್ತದೆ. ಬಿ.ಎಂ.ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳ ಪರಿಚಯದ ಬೆಳಕಿನಲ್ಲಿ ಈ ರಾವಣನನ್ನು ದುರಂತನಾಯಕನೆಂದು ಗುರುತಿಸಿ ಇಂಗ್ಲಿಷಿನಲ್ಲಿ ಬರೆದ ಲೇಖನ ಕನ್ನಡ ವಿಮರ್ಶೆಯಲ್ಲಿ ಸುಪರಿಚಿತ. ಆ ಗುರುತಿಸುವಿಕೆ ಈಗಲೂ ಸರಿಯೆನಿಸುವುದಕ್ಕೆ ಕಾರಣ ಇದೇ ಸನ್ನಿವೇಶ.

ಈ ಸನ್ನಿವೇಶದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವಿದೆ. ರಾವಣನ ಪರಿವರ್ತನೆಗೆ ಕಾರಣ ಉಪದೇಶವಲ್ಲ, ಶಾಪವಲ್ಲ, ಸೋಲೂ ಅಲ್ಲ. ತನ್ನಿಂದ ನೊಂದವಳ ದೇಹ ನೆಲಕ್ಕುರುಳಿದ ದೃಶ್ಯ. ಅಲ್ಲಿಯವರೆಗೆ ಅವನಿಗೆ ಸೀತೆಯೆಂದರೆ ತನ್ನ ಬಯಕೆಯ ಗುರಿ. ಆ ಗಳಿಗೆಯಲ್ಲಿ ಆಕೆ ಅವನಿಗೆ ಒಬ್ಬ ವ್ಯಕ್ತಿಯಾಗಿ, ನೋವುಳ್ಳ ಜೀವವಾಗಿ ಕಾಣುತ್ತಾಳೆ. ಅಂದರೆ ನಾಗಚಂದ್ರನು ರಾವಣನನ್ನು ಎತ್ತಿಹಿಡಿಯುವುದಕ್ಕಾಗಿ ಸೀತೆಯನ್ನು ಮರೆಮಾಡಲಿಲ್ಲ; ಸೀತೆಯ ಸಂಕಟವನ್ನು ನಡುವಿಗೆ ತಂದೇ ರಾವಣನನ್ನು ಎತ್ತಿದ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣ ಕನಸಿನಲ್ಲಿ ಶಿಶುವಾಗಿ ಸೀತೆಯ ಮಡಿಲನ್ನು ಸೇರುವ ದರ್ಶನದಲ್ಲಿಯೂ ಇದೇ ತತ್ತ್ವ ಬೇರೊಂದು ಎತ್ತರದಲ್ಲಿ ಕೆಲಸಮಾಡಿದೆ. ಅಲ್ಲಿಯೂ ರಾವಣನ ಉದ್ಧಾರದ ದಾರಿ ಸೀತೆಯ ಮೂಲಕವೇ ಹಾದುಹೋಗುತ್ತದೆ.

ಈ ಅಳತೆಗೋಲನ್ನು ಹಿಡಿದು ‘ಭೂಕೈಲಾಸ’ವನ್ನು ಮತ್ತೆ ನೋಡಿದರೆ ಅದರ ದೌರ್ಬಲ್ಯ ಮತ್ತು ಶಕ್ತಿ ಎರಡೂ ಸ್ಪಷ್ಟವಾಗುತ್ತವೆ. ಸೀತಾಪಹರಣಕ್ಕೆ ಬಹಳ ಹಿಂದೆಯೇ ಚಿತ್ರ ನಿಂತುಬಿಡುತ್ತದೆ. ರಾವಣನ ಅಪರಾಧ ಯಾವುದೋ ಅದು ತೆರೆಯ ಹೊರಗಿದೆ. ಚಿತ್ರದೊಳಗಿನ ಅಪರಾಧವೆಂದರೆ ಪಾರ್ವತಿಯನ್ನು ವರವಾಗಿ ಬೇಡಿದ್ದು. ಅದನ್ನಾದರೂ ಮಾಯೆಯ ತಲೆಗೆ ಕಟ್ಟಲಾಗಿದೆ. ಇನ್ನೊಬ್ಬರ ಪತ್ನಿಯನ್ನು ಕೇಳಿದ ಮಾತು ಬಾಯಿಂದ ಬಂದದ್ದು ರಾವಣನದೇ ಆದರೂ ನೋಡುಗ ಅದನ್ನು ರಾವಣನದೆಂದು ಎಣಿಸುವುದಿಲ್ಲ. ಕೊಡುವವನು, ಕೇಳುವವನು, ಸಂಚು ಹೂಡುವವರು ಇವರ ನಡುವೆ ಪಾರ್ವತಿ ಕೈಯಿಂದ ಕೈಗೆ ಸಾಗುವ ವರವಾಗುತ್ತಾಳೆ. ಆಕೆಯ ಅವಮಾನ ಕಥೆಯ ತಿರುವಾಗುತ್ತದೆಯೇ ಹೊರತು ರಾವಣನ ಅಂತರಂಗವನ್ನು ನಾಗಚಂದ್ರನ ಸೀತೆಯ ಮೂರ್ಛೆಯಂತೆ ಕಲಕುವುದಿಲ್ಲ. ಪ್ರಿಯವಾದ ಚಿತ್ರವೆಂಬ ಕಾರಣಕ್ಕೆ ಈ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ.

ಆದರೂ ಚಿತ್ರಕ್ಕೆ ತನ್ನದೇ ಆದ ಒಂದು ನೈತಿಕ ಕೇಂದ್ರವಿದೆ; ಅದು ಎರಡನೆಯ ತಪಸ್ಸು. ಸತ್ಯ ತಿಳಿದ ರಾವಣನಿಗೆ ದೇವತೆಗಳ ಮೇಲೆ ಸೇಡು ತೀರಿಸಿಕೊಳ್ಳುವ ದಾರಿ ತೆರೆದೇ ಇತ್ತು. ಮಾಯೆಗೆ ಸಿಕ್ಕೆ, ತಪ್ಪು ತನ್ನದಲ್ಲ ಎಂದು ಹೇಳಿಕೊಳ್ಳುವ ಅವಕಾಶವೂ ಇತ್ತು. ಅವನು ಎರಡನ್ನೂ ಬಿಟ್ಟು ಮರಳಿ ಶಿವನ ಮುಂದೆ ಕೂರುತ್ತಾನೆ. ತನ್ನ ತಲೆಯನ್ನೇ ಒಪ್ಪಿಸಲು ಮುಂದಾಗುತ್ತಾನೆ. ಕಥೆಯು ಅವನ ಹೆಗಲಿನಿಂದ ಇಳಿಸಿದ ಹೊಣೆಯನ್ನು ಅವನೇ ಮತ್ತೆ ಎತ್ತಿಕೊಳ್ಳುತ್ತಾನೆ. ಮೊದಲ ತಪಸ್ಸಿನಲ್ಲಿ ಬಲವಿತ್ತು, ಎರಡನೆಯದರಲ್ಲಿ ನಾಚಿಕೆಯಿದೆ. ರಾಜ್‌ಕುಮಾರರ ಅಭಿನಯದ ಸಾರ್ಥಕತೆ ಇರುವುದು ಈ ಎರಡರ ಅಂತರವನ್ನು ಮನಗಾಣಿಸುವುದರಲ್ಲಿ. ಪ್ರೇಕ್ಷಕರ ಗೌರವಕ್ಕೆ ರಾವಣ ಪಾತ್ರನಾಗುವುದು ವಂಚಿತನಾದುದರಿಂದಲ್ಲ, ವಂಚಿತನಾಗಿಯೂ ತಪ್ಪನ್ನು ತನ್ನದೆಂದು ಒಪ್ಪಿಕೊಂಡುದರಿಂದ. ನಾಗಚಂದ್ರನ ರಾವಣನಿಗೂ ಈ ರಾವಣನಿಗೂ ನಿಜವಾದ ನಂಟನ್ನು ಹುಡುಕುವುದಾದರೆ ಇಲ್ಲಿ ಹುಡುಕಬೇಕು. ಶೌರ್ಯ, ಪಾಂಡಿತ್ಯ, ಭಕ್ತಿಗಳ ಪಟ್ಟಿಯಲ್ಲಿ ಅಲ್ಲ.

ಈ ವಿವೇಚನೆ ಇಂದು ಅಗತ್ಯವಾಗಿದೆ. ಖಳನೇ ಕೇಂದ್ರವಾದ ಕಥೆಗಳು ಈಗ ತೆರೆಯ ಮೇಲೂ ಪುಸ್ತಕಗಳಲ್ಲಿಯೂ ಹೇರಳವಾಗಿ ಬರುತ್ತಿವೆ. ರಾವಣ, ದುರ್ಯೋಧನ, ಕರ್ಣರ ಪಕ್ಷ ವಹಿಸಿ ಮಾತಾಡುವುದು ವಿದ್ಯಾರ್ಥಿಗಳಿಗೆ ಹೊಸ ದೃಷ್ಟಿಯೆಂದು ತೋರುತ್ತದೆ. ಅಂತಹ ಕಥೆಗಳಲ್ಲಿ ಬಹುಪಾಲು ಖಳನಿಗೆ ಒಂದು ಹಳೆಯ ಗಾಯವನ್ನು ಒದಗಿಸಿ, ಆ ಗಾಯದಿಂದ ಅವನ ಎಲ್ಲ ಕೃತ್ಯಗಳನ್ನೂ ತೊಳೆದುಬಿಡುತ್ತವೆ. ಇದಕ್ಕೆ ವಿರೋಧವಾಗಿ ಇನ್ನೊಂದು ಪಕ್ಷದವರು ಖಳನನ್ನು ಮೆಚ್ಚುವುದೇ ಅಧರ್ಮವೆಂದು ಹೇಳಿ ಪುಸ್ತಕ ಮುಚ್ಚುತ್ತಾರೆ. ಇಬ್ಬರೂ ಮರುಕವನ್ನು ಮನ್ನಿಕೆಯೆಂದು ತಪ್ಪು ತಿಳಿದವರೇ. ಮರುಕ ಬೇರೆ, ಮನ್ನಿಕೆ ಬೇರೆ. ರನ್ನನು ದುರ್ಯೋಧನನನ್ನು ಎತ್ತರಕ್ಕೇರಿಸಿದ. ಆದರೆ ‘ಗದಾಯುದ್ಧ’ದಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯನ್ನು ಮರೆಯಲಿಲ್ಲ. ನೊಂದವರಿಗೆ ಸ್ಥಳ ಉಳಿಸಿ ಖಳನಿಗೆ ಮರುಗುವುದು ಪ್ರಾಚೀನ ಕನ್ನಡ ಕವಿಗಳು ಹಾಕಿಕೊಟ್ಟ ಮೇಲ್ಪಂಕ್ತಿ.

ಜೈನ ಪರಂಪರೆಯು ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದಿದೆ. ರಾವಣನು ಪ್ರತಿವಾಸುದೇವ, ಅವನನ್ನು ಕೊಲ್ಲುವವನು ವಾಸುದೇವನಾದ ಲಕ್ಷ್ಮಣ. ಕೊಂದವನೂ ಕೊಲ್ಲಿಸಿಕೊಂಡವನೂ ತಮ್ಮ ತಮ್ಮ ಕರ್ಮಕ್ಕೆ ತಕ್ಕಂತೆ ನರಕವನ್ನು ಸೇರುತ್ತಾರೆ. ರವಿಷೇಣನ ‘ಪದ್ಮಪುರಾಣ’ದಲ್ಲಿ ತಪಸ್ಸಿನಿಂದ ಸ್ವರ್ಗವನ್ನು ಪಡೆದ ಸೀತೆಯ ಜೀವವು ಆ ನರಕಕ್ಕೆ ಇಳಿದುಹೋಗಿ ಅವರಿಬ್ಬರಿಗೂ ತಿಳಿವು ಹೇಳುತ್ತದೆ; ಮುಂದೊಂದು ಜನ್ಮದಲ್ಲಿ ರಾವಣನ ಜೀವ ತೀರ್ಥಂಕರನಾಗಲಿದೆ ಎಂಬ ಭರವಸೆಯೂ ಆ ಪರಂಪರೆಯಲ್ಲಿದೆ. ಇಲ್ಲಿ ರಾವಣನ ಪಾಪವನ್ನು ಒಂದು ಗುಂಜಿಯಷ್ಟೂ ಕಡಿಮೆ ಮಾಡಿಲ್ಲ. ಅವನು ಅದರ ಫಲವನ್ನು ಪೂರ್ತಿಯಾಗಿ ಉಣ್ಣಬೇಕು. ಹಾಗೆಯೇ ಅವನನ್ನು ಎಂದೆಂದಿಗೂ ಖಳನೆಂದು ಮುದ್ರೆಯೊತ್ತಿ ಬಿಟ್ಟಿಲ್ಲ. ಅವನನ್ನು ಕಾಣಲು ಹೋದವಳು ಅವನಿಂದ ಹೆಚ್ಚು ನೊಂದವಳೇ ಎಂಬುದನ್ನು ನೆನೆದಾಗ ಆ ಕಲ್ಪನೆಯ ಎತ್ತರ ತಿಳಿಯುತ್ತದೆ.

‘ಭೂಕೈಲಾಸ’ ಆ ಎತ್ತರವನ್ನು ಮುಟ್ಟಿದ ಕೃತಿಯಲ್ಲ. ಮುಟ್ಟಬೇಕೆಂದು ಹೊರಟದ್ದೂ ಅಲ್ಲ. ಆದರೆ ಗೋಕರ್ಣದ ದಡದಲ್ಲಿ ನೆಲಕ್ಕಂಟಿದ ಲಿಂಗವನ್ನು ಎಳೆದು ಎಳೆದು ಸೋತ ಮಗನನ್ನು ಕಂಡು ಕನ್ನಡದ ಪ್ರೇಕ್ಷಕ ನಿಟ್ಟುಸಿರು ಬಿಟ್ಟಾಗ, ಅವನ ಮುಂದೆ ಒಂದು ಬಾಗಿಲು ತೆರೆದಿರುತ್ತದೆ. ಆ ನಿಟ್ಟುಸಿರಿನಲ್ಲಿಯೇ ತೃಪ್ತನಾಗಿ ಕುಳಿತರೆ ಅವನಿಗೆ ದೊರೆಯುವುದು ಅರ್ಧ ರಾವಣ. ಉಳಿದ ಅರ್ಧಕ್ಕಾಗಿ ಅವನು ನಾಗಚಂದ್ರನ ಬಳಿಗೆ ಹೋಗಬೇಕು. ಅಲ್ಲಿ ಮೂರ್ಛೆ ಹೋದ ಸೀತೆಯ ಮುಂದೆ ತಲೆ ತಗ್ಗಿಸಿ ನಿಂತ ರಾವಣನನ್ನು ನೋಡಬೇಕು. ಚಲನಚಿತ್ರವನ್ನು ಮೆಚ್ಚಿದ ವಿದ್ಯಾರ್ಥಿಯನ್ನು ಕಾವ್ಯದ ಆ ಪುಟದವರೆಗೆ ಕರೆದೊಯ್ಯುವುದು ಕನ್ನಡ ತರಗತಿಗಳು ಮಾಡಬಹುದಾದ ಉತ್ತಮ ಕೆಲಸಗಳಲ್ಲಿ ಒಂದು.